ಮೇಷ್ಟ್ರ ಎರಡು ಬೆರಳು

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಪ್ರತಿ ಭಾನುವಾರ ಪಕ್ಕದ ಬೀದಿಯ ಒಂದು ಮನೆಗೆ ಹೋಗಲು ಶುರುಮಾಡಿದಳು. ಅಲ್ಲಿ ಮಕ್ಕಳಿಗೆ ಕಥೆ, ಹಾಡು, ಪ್ರಾರ್ಥನೆ ಹೇಳಿಕೊಡುತ್ತಿದ್ದರು. ಅವರು ಬಹಾಯಿ ಅನ್ನುವ ಧರ್ಮದವರು ಅಂತ ಕೇಳಿದ್ದೆ. ಹಾಗೆಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಒಂದು ಸಂಜೆ ಅವಳನ್ನು ಕರೆತರಲು ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ದೊಡ್ಡವರ ಹಾಡು ಕೇಳಿಸಿತು. ಹಾರ್ಮೋನಿಯಂ ಇಲ್ಲ, ತಾಳ ಇಲ್ಲ. ಬರೀ ದನಿ. ಒಂದೇ ಮಾತನ್ನು ಒಬ್ಬರು ಮೇಲೆ, ಒಬ್ಬರು ಕೆಳಗೆ, ಇನ್ನೊಬ್ಬರು ನಡುವೆ ಹಿಡಿದು ಹಾಡುತ್ತಿದ್ದರು. ಆದರೂ ಅದು ಒಂದೇ ಹಾಡಾಗಿ ಕೇಳುತ್ತಿತ್ತು. ಹಾಡು ಮುಗಿಯುವವರೆಗೂ ನಾನು ಒಂದು ಚಪ್ಪಲಿ ಕಾಲಲ್ಲಿಟ್ಟುಕೊಂಡೇ ನಿಂತಿದ್ದೆ.

ಒಳಗೆ ಹನ್ನೆರಡು ಜನ ಇದ್ದರು. ಅವರ ಎದುರು ಬಿಳಿ ಪಂಚೆ, ಬೂದು ಸ್ವೆಟರ್ ಹಾಕಿದ್ದ ಒಬ್ಬ ಹಿರಿಯರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಊರಲ್ಲಿ ಅರ್ಧ ಜನ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

"ಹಾಡ್ತೀಯೇನಮ್ಮ?" ಅಂದರು.

"ನಂಗೆ ಸಂಗೀತ ಬರಲ್ಲ ಸರ್. ಅಮ್ಮನ ಜೊತೆ ಭಜನೆಗೆ ಹೋಗ್ತಿದ್ದೆ ಅಷ್ಟೆ."

"ಅಂಗಳದಲ್ಲಿ ಆಡೋ ಮಗಳನ್ನ ಊಟಕ್ಕೆ ಕರಿ ನೋಡೋಣ."

ನಾನು ಮಗಳ ಹೆಸರು ಹಿಡಿದು ಜೋರಾಗಿ ಕರೆದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ, ತಲೆ ವಾಲಿಸಿ ಕೇಳುತ್ತಿದ್ದರು. "ಇದು ನಿನ್ನ ದನಿ. ನೀನು ಆಲ್ಟೊ. ಆ ಕುರ್ಚೀಲಿ ಕೂತ್ಕೊ" ಅಂದರು. ಅದು 2016ರ ಮಳೆಗಾಲ. ಆ ಕುರ್ಚಿಯಲ್ಲಿ ಇವತ್ತಿಗೂ ಕೂರುತ್ತಿದ್ದೇನೆ.

ಆಲ್ಟೊ ಎಂದರೆ ಹೆಂಗಸರ ದನಿಯಲ್ಲಿ ಕೆಳಗಿನದು. ಮೇಲಿನದು ಸೊಪ್ರಾನೊ. ಗಂಡಸರಲ್ಲಿ ಮೇಲಿನದು ಟೆನರ್, ಕೆಳಗಿನದು ಬೇಸ್. ಮೇಷ್ಟ್ರು ಚಿಕ್ಕಂದಿನಲ್ಲಿ ಗೆಳೆಯರ ಜೊತೆ ನಮ್ಮೂರ ಚರ್ಚಿನ ಕ್ವಾಯರ್‌ನಲ್ಲಿ ಈ ನಾಲ್ಕು ದನಿಯ ಹಾಡು ಕಲಿತಿದ್ದರು. ನಮಗೆ ಹೇಳಿಕೊಡುವಾಗ ಮಾತ್ರ ಸ ರಿ ಗ ಮದಲ್ಲೇ ಹೇಳುತ್ತಿದ್ದರು. "ಬೇಸ್‌ನೋರು ಸ ಹಿಡೀರಿ. ಟೆನರ್ ಪ. ಆಲ್ಟೊ ಗ. ಸೊಪ್ರಾನೊ ಮೇಲಿನ ಸ." ನಾಲ್ಕೂ ಕೂಡಿದ ಕೂಡಲೇ ಕೋಣೆಯ ಗಾಳಿಯೇ ದಪ್ಪಗಾದ ಹಾಗೆ ಆಗುತ್ತಿತ್ತು. ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು.

ಕೇಳಲು ಚೆಂದ. ಹಾಡಲು ನನಗೆ ತುಂಬಾ ಕಷ್ಟವಾಯಿತು. ಅಮ್ಮನ ಭಜನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ಹೇಳುತ್ತಾರೆ. ಪಕ್ಕದವರ ದನಿ ಹಿಡಿದು ಹೋದರೆ ಸಾಕು. ಇಲ್ಲಿ ಪಕ್ಕದವರ ದನಿ ಹಿಡಿದರೆ ಕೆಟ್ಟಿತು. ನನ್ನ ಎಡಗಡೆ ಸೊಪ್ರಾನೊ. ಹಾಡಿನ ಚೆಂದದ ಧಾಟಿ ಎಲ್ಲ ಅವರದು. ನನ್ನ ಸಾಲು ನಾಲ್ಕೈದು ಸ್ವರದ ಒಳಗೇ ಸುತ್ತುತ್ತಿತ್ತು. ಎರಡು ಸಾಲು ಆಗುವಷ್ಟರಲ್ಲಿ ನನಗೆ ಗೊತ್ತಿಲ್ಲದೆ ನಾನು ಅವರ ಧಾಟಿಗೆ ಜಾರಿರುತ್ತಿದ್ದೆ. ಮೂರು ತಿಂಗಳು ಹೀಗೇ ಆಯಿತು.

ಒಂದು ದಿನ ಬೇಜಾರಾಗಿ ಹೇಳಿಯೇಬಿಟ್ಟೆ. "ಈ ಸಾಲು ಹಾಡಿದ್ರೂ ಒಂದೇ, ಬಿಟ್ರೂ ಒಂದೇ ಅಲ್ವಾ ಮೇಷ್ಟ್ರೇ?"

ಅವರು ವಾದ ಮಾಡಲಿಲ್ಲ. "ಆಲ್ಟೊ ಎಲ್ಲ ಸುಮ್ನಿರಿ" ಅಂದರು. ಉಳಿದವರಿಂದ ಎರಡು ಸಾಲು ಹಾಡಿಸಿದರು. ಧಾಟಿ ಇತ್ತು, ಬುಡ ಇತ್ತು, ಆದರೆ ನಡುವೆ ಟೊಳ್ಳು. ನಂತರ ನಮ್ಮ ಕಡೆ ಕೈ ಚಾಚಿದರು. ನಾವು ಮೂವರು ಆ ಒಂದು ಗಾಂಧಾರ ಹಿಡಿದೆವು. ಹಾಡಿಗೆ ಜೀವ ಬಂತು. ನಾನು ಅದೇ ಮೊದಲ ಸಲ ನನ್ನ ಸ್ವರವನ್ನು ಹೊರಗೆ ನಿಂತು ಕೇಳಿದ ಹಾಗೆ ಕೇಳಿದೆ. ಮತ್ತೆ ಯಾವತ್ತೂ ಆ ಪ್ರಶ್ನೆ ಕೇಳಲಿಲ್ಲ.

ನಾನು ಕೆಲಸ ಮಾಡುವುದು ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕದ ವಿಭಾಗದಲ್ಲಿ. ಸುಗ್ಗಿ ಕಾಲದಲ್ಲಿ ಕಾಫಿ ಬೀಜದ ಸಿಪ್ಪೆ ಬಿಡಿಸುವ ಮೆಷಿನ್ ಇಡೀ ದಿನ ಗುಂಯ್ ಎನ್ನುತ್ತಲೇ ಇರುತ್ತದೆ. ಅದು ಒಂದೇ ಸ್ವರ. ಅದನ್ನೇ ಷಡ್ಜ ಅಂದುಕೊಂಡು ಮೇಜಿನ ಮೇಲೆ ಬಗ್ಗಿ ಬಾಯಿ ಮುಚ್ಚಿಕೊಂಡೇ ಗಾಂಧಾರ ಹಿಡಿಯುವುದನ್ನು ಅಭ್ಯಾಸ ಮಾಡಿದೆ. ಸ್ವರ ಸರಿಯಾಗಿ ಕೂತಾಗ ಹಲ್ಲಿನ ಬುಡದಲ್ಲಿ ಒಂಥರಾ ಕಚಗುಳಿ ಆಗುತ್ತದೆ. ಸ್ವಲ್ಪ ಇಳಿದರೆ ಅದು ಹೋಗುತ್ತದೆ. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. "ಅಷ್ಟೇ ಕಣಮ್ಮ. ಇನ್ನು ನಾನು ಹೇಳಿಕೊಡೋದು ಏನಿದೆ?" ಅಂದರು. ಹೇಳಿಕೊಡುವುದು ಬೇಕಾದಷ್ಟಿತ್ತು.

ಉಸಿರನ್ನೇ ತೆಗೆದುಕೊಳ್ಳಿ. ನಾಲ್ಕು ಜನ ಒಂದೇ ಕಡೆ ಉಸಿರೆಳೆದರೆ ಹಾಡಿನಲ್ಲಿ ತೂತು ಬೀಳುತ್ತದೆ. ಹಾಗಾಗಿ ಪಕ್ಕದವರು ಉಸಿರೆಳೆಯುವಾಗ ನಾನು ಎಳೆಯಬಾರದು. ಅವರು ಮುಗಿಸಿ ವಾಪಸ್ ಬಂದ ಮೇಲೆ ನಾನು ಮೆಲ್ಲಗೆ ಬಿಟ್ಟು, ಎಳೆದುಕೊಂಡು, ಮೆಲ್ಲಗೆ ಸೇರಬೇಕು. ಮಾತಿನ ನಡುವೆ ಬಿಟ್ಟರೂ ಪರವಾಗಿಲ್ಲ, ಸಾಲಿನ ಕೊನೆಯಲ್ಲಿ ಮಾತ್ರ ಬಿಡಬಾರದು. ಇದು ಬರಬೇಕಾದರೆ ಪಕ್ಕದವರ ಉಸಿರು ಗೊತ್ತಿರಬೇಕು. ನನ್ನ ಪಕ್ಕ ಕೂರುವ ನರ್ಸ್ ಅಕ್ಕನಿಗೆ ನೆಗಡಿ ಶುರುವಾಗುವುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಶ್ರುತಿ ಇಳಿಯುವುದು ಇನ್ನೊಂದು ಕಾಟ. ವಾದ್ಯ ಇಲ್ಲದೆ ಹಾಡುವಾಗ ಎಲ್ಲರೂ ಕೂಡಿಯೇ ಒಂದಿಷ್ಟು ಇಳಿಯುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ. ಮೇಷ್ಟ್ರ ಜೇಬಿನಲ್ಲಿ ಉಕ್ಕಿನ ಟ್ಯೂನಿಂಗ್ ಫೋರ್ಕ್ ಇರುತ್ತದೆ. ಸೆಕೆಂಡಿಗೆ 440 ಸಲ ಕಂಪಿಸುವಂಥದ್ದು. ಅದನ್ನು ಮಂಡಿಗೆ ತಟ್ಟಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಸಣ್ಣಗೆ ಗುನುಗಿ ನಮಗೆ ಸ್ವರ ಕೊಡುತ್ತಾರೆ. ಹಾಡು ಮುಗಿದ ಮೇಲೆ ಮತ್ತೆ ತಟ್ಟಿ ನೋಡುತ್ತಾರೆ. ಇಳಿದಿದ್ದರೆ ಬೈಯುವುದಿಲ್ಲ. ಫೋರ್ಕನ್ನು ನಮ್ಮಲ್ಲಿ ಒಬ್ಬರ ಕೈಗೆ ಕೊಟ್ಟು "ನೀವೇ ನೋಡಿ" ಅನ್ನುತ್ತಾರೆ. ಅವತ್ತು ಎಲ್ಲರೂ ಒಬ್ಬೊಬ್ಬರಾಗಿ ಅದನ್ನು ಕಿವಿಗೆ ಒತ್ತಿಕೊಂಡು, ಎಷ್ಟು ಕೆಳಗೆ ಬಂದುಬಿಟ್ಟಿದ್ದೇವೆ ಎಂದು ಕೇಳಿಸಿಕೊಳ್ಳುತ್ತೇವೆ.

ಅಭ್ಯಾಸಕ್ಕೆ ಮೊದಲು ಕಾಫಿ ಇಲ್ಲ. ಹಾಲು ಕುಡಿದರೆ ಗಂಟಲಲ್ಲಿ ಕಫ ಕಟ್ಟಿದ ಹಾಗಾಗುತ್ತದೆ ಅನ್ನುವುದು ಮೇಷ್ಟ್ರ ನಂಬಿಕೆ. ಕಾಫಿ ಬೆಳೆಯುವ ಊರಲ್ಲಿ ಸಂಜೆ ಹೊತ್ತು ಕಾಫಿ ಇಲ್ಲದೆ ಕೂರುವುದು ಸುಲಭವಲ್ಲ. ಮೇಷ್ಟ್ರ ಹೆಂಡತಿ ಅದಕ್ಕೆ ಕಾಳುಮೆಣಸು, ಜೀರಿಗೆ, ಬೆಲ್ಲದ ಕಷಾಯ ಮಾಡಿ ಹಿತ್ತಾಳೆ ತಪ್ಪಲೆಯಲ್ಲಿ ತರುತ್ತಿದ್ದರು. ನಮಗೆಲ್ಲ ಅವರು ದೊಡ್ಡಮ್ಮ. ಮೊದಲ ಸಾಲಿನ ಎಡತುದಿಯಲ್ಲಿ ಕೂತು ಸೊಪ್ರಾನೊ ಹಾಡುತ್ತಿದ್ದರು. ವಯಸ್ಸಾದರೂ ಮೇಲಿನ ಷಡ್ಜಕ್ಕೆ ಹೋಗುವಾಗ ಅವರ ದನಿ ತೆಳ್ಳಗೆ, ನೂಲಿನ ಹಾಗೆ, ಕಡಿಯದೆ ಹೋಗುತ್ತಿತ್ತು.

ನಾವು ಹಾಡುತ್ತಿದ್ದುದು ಹೆಚ್ಚಾಗಿ ಪ್ರಾರ್ಥನೆಗಳನ್ನು. ಬಹಾಯಿಗಳ ತಿಂಗಳಿಗೆ 19 ದಿನ, ವರ್ಷಕ್ಕೆ 19 ತಿಂಗಳು, ಉಳಿದ ನಾಲ್ಕೈದು ದಿನ ಅತಿಥಿ ಸತ್ಕಾರಕ್ಕೆ, ದಾನಕ್ಕೆ. ತಿಂಗಳ ಮೊದಲ ದಿನ ಎಲ್ಲರೂ ಸೇರುತ್ತಾರೆ. ಮೊದಲು ಪ್ರಾರ್ಥನೆ, ಆಮೇಲೆ ಸಮುದಾಯದ ವಿಚಾರದ ಮಾತುಕತೆ, ಕೊನೆಗೆ ತಿಂಡಿ. ಪುರೋಹಿತರು, ಪಾದ್ರಿಗಳು ಅಂತ ಯಾರೂ ಇಲ್ಲ. ಊರಿನ ಬಹಾಯಿಗಳ ಕೆಲಸ ನೋಡಿಕೊಳ್ಳಲು ಒಂಬತ್ತು ಜನರನ್ನು ವರ್ಷಕ್ಕೊಮ್ಮೆ ಗುಟ್ಟಾಗಿ ಮತ ಹಾಕಿ ಆರಿಸುತ್ತಾರೆ. ಪ್ರಚಾರ ಇಲ್ಲ, ಉಮೇದುವಾರರೂ ಇಲ್ಲ. ಇದೆಲ್ಲ ನನಗೆ ನಿಧಾನವಾಗಿ ಗೊತ್ತಾಗುತ್ತಾ ಹೋಯಿತು. ಎರಡು ವರ್ಷದ ಮೇಲೆ ನಾನೂ ಬಹಾಯಿ ಆದೆ. ಅಮ್ಮನಿಗೆ ಮೊದಲು ಹೆದರಿಕೆ ಇತ್ತು. ದೇವರ ಮನೆ ಮುಚ್ಚುತ್ತೇನೆ ಅಂದುಕೊಂಡಿದ್ದಳು. ರಾಮ, ಕೃಷ್ಣ, ಬುದ್ಧ, ಏಸು, ಮಹಮ್ಮದ್ ಯಾರನ್ನೂ ಬಿಡಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ಅವಳೇ ಕಷಾಯಕ್ಕೆ ನಮ್ಮ ಹಿತ್ತಲಿನ ಮೆಣಸು ಕಳಿಸತೊಡಗಿದಳು.

ಈ ಧರ್ಮ ಶುರುಮಾಡಿದ ಬಹಾಉಲ್ಲಾ ಅವರು ತಮ್ಮ ಕಟ್ಟಳೆಗಳ ಗ್ರಂಥದಲ್ಲಿ ಸಂಗೀತವನ್ನು ಆತ್ಮ ಮೇಲೇರಲು ಒಂದು ಏಣಿ ಎಂದಿದ್ದಾರೆ. ಅಲ್ಲೇ, ಅದು ಮರ್ಯಾದೆಯ ಗೆರೆ ದಾಟಿಸಬಾರದು ಎಂದೂ ಹೇಳಿದ್ದಾರೆ. ಮೇಷ್ಟ್ರು ಯಾವಾಗಲೂ ಎರಡನ್ನೂ ಕೂಡಿಸಿಯೇ ಹೇಳುತ್ತಿದ್ದರು. ಪ್ರಾರ್ಥನೆ ಹಾಡಿದ ಮೇಲೆ ಚಪ್ಪಾಳೆ ಬೇಡ. ಕಾಲು ಮುಟ್ಟಿ ನಮಸ್ಕಾರ ಬೇಡ. ಯಾರಾದರೂ ಬಗ್ಗಿದರೆ ಅವರು ಎರಡೂ ಕೈ ಹಿಡಿದು ಎತ್ತಿ, "ಕೂತ್ಕೊಳ್ಳಿ, ಬೆನ್ನು ನೇರ ಇರ್ಲಿ, ಉಸಿರು ಬೇಕು" ಅನ್ನುತ್ತಿದ್ದರು.

ಅವರಿಗೆ ಈ ಹುಚ್ಚು ಹಿಡಿಸಿದ್ದು ಒಂದು ಕ್ಯಾಸೆಟ್. ಬಹಾಉಲ್ಲಾ ತೀರಿಕೊಂಡಿದ್ದು 1892ರಲ್ಲಿ. ಅದರ ನೂರನೇ ವರ್ಷಕ್ಕೆ, 1992ರ ನವೆಂಬರ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಬಹಾಯಿಗಳ ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿ ನೂರಾರು ಜನ ಒಟ್ಟಿಗೆ ಹಾಡಿದ್ದರು. ಬೆಂಗಳೂರಿನ ಗೆಳೆಯರೊಬ್ಬರು ಆ ಹಾಡುಗಳ ಕ್ಯಾಸೆಟ್ ತಂದುಕೊಟ್ಟರಂತೆ. ಮೇಷ್ಟ್ರು ಟೇಪು ಸವೆಯುವವರೆಗೆ ಕೇಳಿದರು. ಆ ಹಾಡುಗಳನ್ನೇ ಕನ್ನಡಕ್ಕೆ ತರಲು ವರ್ಷಗಟ್ಟಲೆ ಒದ್ದಾಡಿದರು.

ಯಾಕೆ ಆಗಲಿಲ್ಲ ಅನ್ನುವುದನ್ನು ನನಗೆ ಅವರು ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಚೆನ್ನಾಗಿ ನೆನಪಿದೆ. ಬಹಾಉಲ್ಲಾ ಅವರದೊಂದು ಮಾತಿದೆ: ನೀವು ಒಂದೇ ಮರದ ಹಣ್ಣುಗಳು, ಒಂದೇ ಕೊಂಬೆಯ ಎಲೆಗಳು. ಇದನ್ನು ಹೊರಗಿನ ಧಾಟಿಗೆ ಕೂರಿಸಿದರೆ "ಮರ" ಅನ್ನುವ ಕಡೆ ಸ್ವರ ಉದ್ದ. ಹಾಡಿದರೆ "ಮಾರ" ಆಗುತ್ತದೆ. "ಎಲೆ" ಹೋಗಿ "ಏಲೆ" ಆಗುತ್ತದೆ. "ಅಕ್ಷರಕ್ಕೆ ಮಾತ್ರೆ ಅಂತ ಇದೆ. ಅದನ್ನ ಕೆಡಿಸಿ ದೇವರನ್ನ ಕರೆದರೆ ಆಯ್ತಾ?" ಎಂದು ಕೇಳಿದರು. ಊರ ಪಕ್ಕದ ಹಿರೇಮಗಳೂರಿನ ಕೋದಂಡರಾಮನಿಗೆ ಕಣ್ಣನ್ ಅವರು ಕನ್ನಡದಲ್ಲೇ ಪೂಜೆ ಮಾಡುತ್ತಾರೆ. ಮೇಷ್ಟ್ರು ಅಲ್ಲಿಗೆ ಹೋಗಿ ಕೂತು ಕೇಳಿ ಬರುತ್ತಿದ್ದರು. ಮಂತ್ರ ಹೇಳುವವರ ಬಾಯಲ್ಲಿ ಕನ್ನಡ ಹೇಗೆ ಕೂರುತ್ತದೆ ಅಂತ ನೋಡಲು. ಆಮೇಲೆ ಹೊರಗಿನ ಧಾಟಿ ಬಿಟ್ಟು, ಮಾತಿನಿಂದಲೇ ಧಾಟಿ ಎಬ್ಬಿಸಿದರು. ಲಘು ಇರುವಲ್ಲಿ ಸಣ್ಣ ಸ್ವರ, ಗುರು ಇರುವಲ್ಲಿ ಉದ್ದ ಸ್ವರ. ನಾಲ್ಕು ದನಿ ಮಾತ್ರ ಹೊರಗಿನದು. ಒಳಗಿರುವುದೆಲ್ಲ ನಮ್ಮದು.

ಅದರಲ್ಲಿ "ಹಣ್ಣು" ಅನ್ನುವ ಮಾತು ನಮ್ಮ ಪ್ರಾಣ ತಿಂದಿತು. ಹನ್ನೆರಡು ಜನ ಹಾಡುವಾಗ ಒತ್ತಕ್ಷರ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ಬೀಳುತ್ತದೆ. ಸೋಗೆ ಮಾಡಿನ ಮೇಲೆ ಮಳೆ ಹನಿ ಬಿದ್ದ ಹಾಗೆ ಣ, ಣ, ಣ ಅಂತ ಕೇಳುತ್ತದೆ. ಮೇಷ್ಟ್ರು ಹೇಳಿದ್ದು ಇಷ್ಟು: "ಹ"ದಲ್ಲೇ ಕಾಯಿರಿ. ಬಾಯಿ ತೆರೆದೇ ಇರಲಿ. ನನ್ನ ಕೈ ನೋಡಿ. ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಅರ್ಧ ಇಂಚು ದೂರದಲ್ಲಿ ಗಾಳಿಯಲ್ಲಿ ನಿಂತಿರುತ್ತಿದ್ದವು. ಅವೆರಡೂ ತಾಗಿದ ಗಳಿಗೆಗೆ ಎಲ್ಲರ ನಾಲಿಗೆಯೂ ಅಂಗುಳಕ್ಕೆ ತಾಗಬೇಕು. ಆ ಒಂದು ಮಾತಿಗೆ ಎರಡು ಭಾನುವಾರ ಪೂರ್ತಿ ಹೋಯಿತು. ಮೂರನೆಯ ಭಾನುವಾರ ಕರೆಂಟ್ ಹೋಗಿತ್ತು, ಮೇಣದ ಬತ್ತಿ ಹಚ್ಚಿದ್ದೆವು. ಬೆರಳು ತಾಗಿದವು. ಹನ್ನೆರಡು ನಾಲಿಗೆ ಒಂದೇ ಸಲ ಮುಚ್ಚಿ ಒಂದೇ ಸಲ ತೆರೆದವು. "ಹಣ್ಣು" ಅಂತ ಒಬ್ಬರೇ ಅಂದ ಹಾಗಿತ್ತು. ದೊಡ್ಡಮ್ಮ ಹಾಡು ನಿಲ್ಲಿಸಿ "ಅಯ್ಯೋ, ಬಂತು ಕಣ್ರೀ!" ಅಂದುಬಿಟ್ಟರು.

2017ರ ಅಕ್ಟೋಬರ್‌ನಲ್ಲಿ ಬಹಾಉಲ್ಲಾ ಅವರು ಹುಟ್ಟಿ ಇನ್ನೂರು ವರ್ಷ ತುಂಬಿತು. ಅವತ್ತು ಆ ಹಾಡನ್ನು ಮೊದಲ ಸಲ ಊರಿನವರ ಎದುರು ಹಾಡಿದೆವು. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು, ನಮ್ಮ ಆಫೀಸಿನವರು, ಅಮ್ಮನ ಭಜನೆ ಮಂಡಳಿಯವರು ಬಂದಿದ್ದರು.

ದೆಹಲಿಗೆ ಹೋಗಿದ್ದು 2019ರ ಫೆಬ್ರವರಿಯಲ್ಲಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್, ಎರಡು ರಾತ್ರಿ. ಹನ್ನೊಂದು ಜನ ಹೊರಟೆವು. ಅಲ್ಲಿಯ ಬಹಾಯಿ ಆರಾಧನಾ ಮಂದಿರವನ್ನು ಜನ ಕಮಲ ಮಂದಿರ ಅನ್ನುತ್ತಾರೆ. ಇರಾನ್ ಮೂಲದ ವಾಸ್ತುಶಿಲ್ಪಿ ಫರೀಬೋರ್ಜ್ ಸಹ್ಬಾ ರೂಪಿಸಿದ್ದು, 1986ರ ಡಿಸೆಂಬರ್‌ನಲ್ಲಿ ಲೋಕಾರ್ಪಣೆ ಆಯಿತು. 27 ದಳ, ಒಂಬತ್ತು ಬಾಗಿಲು, ಸುತ್ತ ಒಂಬತ್ತು ಕೊಳ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. ಒಳಗೆ ಹೋಗಿ ಕೂತವರಿಗೆ ಮಾತ್ರ ಗೊತ್ತು, ಅಲ್ಲಿ ವಿಗ್ರಹ ಇಲ್ಲ, ಪ್ರವಚನ ಇಲ್ಲ, ವಾದ್ಯವೂ ಇಲ್ಲ. ಬಹಾಯಿ ಮಂದಿರ ಯಾವ ದೇಶದಲ್ಲಿದ್ದರೂ ಒಳಗೆ ಮನುಷ್ಯರ ದನಿ ಮಾತ್ರ ಕೇಳಬೇಕು. ಎಲ್ಲ ಧರ್ಮದ ಗ್ರಂಥಗಳಿಂದಲೂ ಓದುತ್ತಾರೆ, ಹಾಡುತ್ತಾರೆ.

ಮೇಷ್ಟ್ರು ಮೊದಲೇ ಪತ್ರ ಬರೆದು ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಒಂದು ಹಾಡಿಗೆ ಕೇಳಿಕೊಂಡಿದ್ದರು. ಬೆಳಿಗ್ಗೆ ಜನ ಬರುವ ಮೊದಲು ಒಂದು ಸಲ ಹಾಡಿ ನೋಡಲು ಬಿಟ್ಟರು. ಮೊದಲ ಸಾಲಿಗೇ ನಮಗೆ ಕೈಕಾಲು ಆಡಲಿಲ್ಲ. ನಾವು ಹಾಡಿ ಬಿಟ್ಟ ಸ್ವರ ಮೇಲೆ ಹೋಗಿ, ಅಲ್ಲೇ ಸುತ್ತಿ, ನಾವು ಮುಂದಿನ ಮಾತಿಗೆ ಬಂದಾಗ ತಿರುಗಿ ಬರುತ್ತಿತ್ತು. ಮನೆಯ ಹೆಂಚಿನ ಕೋಣೆಯಲ್ಲಿ ಕಲಿತ ಹಾಡು ಅಲ್ಲಿ ಕಲಸಿಹೋಯಿತು. ಮೇಷ್ಟ್ರು ಗಾಬರಿಯಾಗಲಿಲ್ಲ. ಒಂದು ನಿಮಿಷ ಮೇಲೆ ನೋಡುತ್ತಾ ನಿಂತರು. "ಮಂದಿರಾನೂ ಹಾಡುತ್ತೆ. ಅದು ಮುಗಿಸೋವರೆಗೆ ನಾವು ಕಾಯಬೇಕು" ಅಂದರು. ಹಾಡಿನ ವೇಗ ಅರ್ಧಕ್ಕೆ ಇಳಿಸಿದರು. ಒತ್ತಕ್ಷರ ಇನ್ನೂ ಚಿಕ್ಕದಾಗಿ ತಟ್ಟಲು ಹೇಳಿದರು.

ಮಧ್ಯಾಹ್ನ ಸುಮಾರು 1,300 ಜನ ಕೂರುವ ಆ ಹಾಲ್ ಅರ್ಧದಷ್ಟು ತುಂಬಿತ್ತು. ಗೀತೆಯಿಂದ ಓದಿದರು, ಕುರಾನಿನಿಂದ ಓದಿದರು. ಆಮೇಲೆ ನಾವು ಎದ್ದೆವು. ನಾನು ಏನು ಹಾಡಿದೆ ಅಂತ ನನಗೆ ಈಗ ನೆನಪಿಲ್ಲ. ಮೇಷ್ಟ್ರ ಬೆರಳು ತಾಗಿದ್ದು ನೆನಪಿದೆ. "ಹಣ್ಣು" ಅನ್ನುವ ಮಾತು ಮೇಲೆ ಹೋಗಿ ಒಂದೇ ಮಾತಾಗಿ ಕೆಳಗೆ ಬಂದಿದ್ದು ನೆನಪಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಚಪ್ಪಲಿ ತೆಗೆದುಕೊಳ್ಳುವಾಗ ಒಬ್ಬರು ಓಡಿ ಬಂದರು. "ನೀವು ಕನ್ನಡದೋರಾ? ಒಳಗೆ ಕೂತಿದ್ದೆ, ನಮ್ಮ ಮಾತು ಕೇಳಿ ಮೈ ಜುಂ ಅಂತು" ಅಂದರು. ತರೀಕೆರೆಯವರಂತೆ, ಮಗನ ಮನೆಗೆ ಬಂದಿದ್ದರಂತೆ. ಮೇಷ್ಟ್ರ ಕೈ ಹಿಡಿದುಕೊಂಡವರು ಎಷ್ಟೋ ಹೊತ್ತು ಬಿಡಲಿಲ್ಲ.

ಕೊರೊನಾ ಬಂದಾಗ ಎಲ್ಲ ನಿಂತಿತು. ವಿಡಿಯೋ ಕಾಲ್‌ನಲ್ಲಿ ಒಟ್ಟಿಗೆ ಹಾಡಲು ಆಗುವುದಿಲ್ಲ, ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ಮುಟ್ಟುತ್ತದೆ. ಮೇಷ್ಟ್ರು ಒಬ್ಬೊಬ್ಬರಿಗೇ ಫೋನ್ ಮಾಡಿ ಅವರವರ ಸಾಲು ಹಾಡಿಸುತ್ತಿದ್ದರು. ಒಂಟಿ ಆಲ್ಟೊ ಸಾಲು ಕೇಳಲು ಎಷ್ಟು ಬಡವಾಗಿರುತ್ತದೆ ಎಂದು ಆಗ ಗೊತ್ತಾಯಿತು.

ದೊಡ್ಡಮ್ಮ ಹೋಗಿದ್ದು 2023ರ ಜುಲೈನಲ್ಲಿ. ಎರಡು ವಾರ ಮಲಗಿದ್ದರು, ಅಷ್ಟೆ. ಅವರ ತವರಿನವರು ಸಕಲೇಶಪುರದ ಕಡೆಯವರು. ಅಲ್ಲಿಗೇ ಕರೆದುಕೊಂಡು ಹೋಗೋಣ ಅಂದರು. ತೀರಿಕೊಂಡ ಊರಿನಿಂದ ಒಂದು ಗಂಟೆಯ ಪ್ರಯಾಣಕ್ಕಿಂತ ದೂರ ದೇಹವನ್ನು ಒಯ್ಯಬಾರದು ಎಂಬುದು ಬಹಾಯಿ ನಿಯಮ. ಸುಡುವುದೂ ಇಲ್ಲ, ಮಣ್ಣು ಮಾಡುತ್ತೇವೆ. ಮೇಷ್ಟ್ರು ಬಾಮೈದನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಅವಳೇ ಹೇಳಿಟ್ಟಿದ್ದಾಳೆ ಕಣೋ. ಇಲ್ಲೇ ಇರ್ತಾಳೆ. ನೀನು ಯಾವಾಗ ಬೇಕಾದ್ರೂ ಬಾ." ಅವರು ಅತ್ತುಬಿಟ್ಟರು, ಆಮೇಲೆ ಒಪ್ಪಿದರು.

ನಾವು ನಾಲ್ಕು ಜನ ಹೆಂಗಸರು ಸೇರಿ ದೊಡ್ಡಮ್ಮನಿಗೆ ಸ್ನಾನ ಮಾಡಿಸಿದೆವು. ಬಿಳಿ ಹತ್ತಿ ಬಟ್ಟೆ ಸುತ್ತಿದೆವು. ಬೆರಳಿಗೆ ಪ್ರಾರ್ಥನೆಯ ಮಾತು ಕೆತ್ತಿದ ಉಂಗುರ ತೊಡಿಸಿದೆವು. ಅವರ ಕೈಯಲ್ಲಿ ಇನ್ನೂ ಜೀರಿಗೆ ಮೆಣಸಿನ ವಾಸನೆ ಇದ್ದ ಹಾಗೆ ನನಗನಿಸಿತು.

ಬಹಾಯಿಗಳಲ್ಲಿ ತೀರಿಕೊಂಡವರಿಗಾಗಿ ಹೇಳುವ ಪ್ರಾರ್ಥನೆ ಒಂದಿದೆ. ಅದನ್ನು ಎಲ್ಲರೂ ಕೂಡಿ ಹೇಳುವುದಿಲ್ಲ, ಹಾಡುವುದೂ ಇಲ್ಲ. ಒಬ್ಬರೇ ಓದಬೇಕು. ಉಳಿದವರು ಎದ್ದು ನಿಂತು ಸುಮ್ಮನೆ ಕೇಳಬೇಕು. ಮೊದಲು ಒಂದು ಚಿಕ್ಕ ಪ್ರಾರ್ಥನೆ. ಆಮೇಲೆ ಆರು ಮಾತು ಬರುತ್ತದೆ. ನಾವೆಲ್ಲರೂ ದೇವರನ್ನು ಪೂಜಿಸುತ್ತೇವೆ ಅನ್ನುವುದು ಮೊದಲನೆಯದು. ತಲೆಬಾಗುತ್ತೇವೆ, ಒಪ್ಪಿಸಿಕೊಂಡಿದ್ದೇವೆ, ಸ್ತುತಿಸುತ್ತೇವೆ, ಕೃತಜ್ಞರಾಗಿದ್ದೇವೆ ಎಂದು ಮುಂದೆ ಹೋಗಿ, ನಾವೆಲ್ಲರೂ ದೇವರಲ್ಲಿ ತಾಳ್ಮೆಯಿಂದಿದ್ದೇವೆ ಅನ್ನುವಲ್ಲಿ ನಿಲ್ಲುತ್ತದೆ. ಒಂದೊಂದನ್ನೂ 19 ಸಲ ಹೇಳಬೇಕು. ಒಟ್ಟು 114. ಒಂದೊಂದು ಮಾತು ಶುರುವಾಗುವ ಮೊದಲು ಒಮ್ಮೆ "ಅಲ್ಲಾಹು ಅಭಾ" ಅನ್ನಬೇಕು. ಅಂದರೆ ದೇವರು ಪರಮ ಪ್ರಕಾಶ ಎಂದರ್ಥ.

ಓದಲು ಮೇಷ್ಟ್ರು ನನ್ನನ್ನು ಕರೆದರು. "ನೀನು ಓದಮ್ಮ. ನಿನ್ನ ದನಿ ಕೆಳಗಿದೆ, ನಿಲ್ಲುತ್ತೆ."

ಜಿಟಿಜಿಟಿ ಮಳೆ. ಕುಣಿಯ ಮೇಲೆ ನೀಲಿ ಟಾರ್ಪಾಲ್ ಕಟ್ಟಿದ್ದರು. ಇಡೀ ಕ್ವಾಯರ್ ಎದುರಿಗೆ ಸಾಲಾಗಿ ನಿಂತಿತ್ತು, ಅಭ್ಯಾಸಕ್ಕೆ ನಿಲ್ಲುವ ಹಾಗೆಯೇ. ಎಡತುದಿಯಲ್ಲಿ ಒಂದು ಜಾಗ ಬಿಟ್ಟಿದ್ದರು. ಯಾರೂ ಹೇಳಿರಲಿಲ್ಲ, ತಾನಾಗಿ ಹಾಗೆ ಬಿಟ್ಟಿದ್ದರು. ಮೇಷ್ಟ್ರು ನನ್ನ ಎದುರಿಗೇ ನಿಂತಿದ್ದರು, ಬಲಗೈ ಶಾಲಿನ ಮೇಲಿತ್ತು.

ನನಗೆ ಲೆಕ್ಕದ್ದೇ ಭಯ. ಬೆರಳಲ್ಲಿ ಎಣಿಸೋಣ ಅಂದರೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಕೊಡೆ. ಮೊದಲ ಮಾತು ಶುರುಮಾಡಿದೆ. ಏಳೋ ಎಂಟೋ ಸಲಕ್ಕೆ ಎಣಿಕೆ ತಪ್ಪಿತು. ಗಂಟಲು ಕಟ್ಟುತ್ತಾ ಬಂತು. ಏನು ಮಾಡಲಿ ಎಂದು ಕಣ್ಣೆತ್ತಿದೆ.

ಮೇಷ್ಟ್ರ ಬಲಗೈ ಹೆಬ್ಬೆರಳು ಶಾಲಿನ ಅಂಚಿನಲ್ಲಿ ಬೆರಳ ಗೆಣ್ಣಿನ ಮೇಲೆ ಹರಿಯುತ್ತಿತ್ತು. ಒಂದು ಮಾತಿಗೆ ಒಂದು ಗೆಣ್ಣು. ನನ್ನ ಕಡೆ ನೋಡುತ್ತಿರಲಿಲ್ಲ. ಕಣ್ಣು ಕೆಳಗೆ, ದೊಡ್ಡಮ್ಮನ ಕಡೆಗಿತ್ತು. ನಾನು ಎಣಿಸುವುದನ್ನು ಬಿಟ್ಟು ಅವರ ಕೈಯನ್ನೇ ನೋಡುತ್ತಾ ಹೇಳಿದೆ. ಹೇಳಿದೆ, ಹೇಳಿದೆ. ಹೆಬ್ಬೆರಳು ಮೇಲೆ ಬಂತು. ಹೆಬ್ಬೆರಳು, ತೋರುಬೆರಳು ತಾಗಿದವು.

ಹತ್ತೊಂಬತ್ತು. ನಾನು ನಿಲ್ಲಿಸಿದೆ. ಉಸಿರು ತೆಗೆದುಕೊಂಡು ಮುಂದಿನ ಮಾತಿಗೆ ಹೋದೆ.

ಆರೂ ಸಲ ಅವರು ಎಣಿಸಿಕೊಟ್ಟರು. ಆರೂ ಸಲ ಬೆರಳು ಸರಿಯಾದ ಜಾಗದಲ್ಲಿ ತಾಗಿದವು. ಕೊನೆಯ ಮಾತು, ತಾಳ್ಮೆಯದು, ಹೇಳುವಾಗ ಆ ಕೈ ನಡುಗುತ್ತಿತ್ತು. ಎಣಿಕೆ ಮಾತ್ರ ತಪ್ಪಲಿಲ್ಲ. ಎದುರಿಗೆ ಹಾಡದೆ ನಿಂತಿದ್ದ ಹನ್ನೊಂದು ಜನರ ಉಸಿರು ನನಗೆ ಕೇಳುತ್ತಿತ್ತು. ಒಬ್ಬರು ಎಳೆದುಕೊಂಡ ಮೇಲೆ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದರು.

ಮಣ್ಣು ಹಾಕಿದ ಮೇಲೆ ಯಾರೋ "ಒಂದು ಹಾಡು ಹಾಡೋಣ್ವಾ ಮೇಷ್ಟ್ರೇ?" ಅಂದರು. "ಇವತ್ತು ಬೇಡ. ಭಾನುವಾರ ಬನ್ನಿ" ಅಂದರು.

ಭಾನುವಾರ ಹೋದೆವು. ಹೇಗೆ ಒಳಗೆ ಕಾಲಿಡುವುದು ಎಂದು ಎಲ್ಲರೂ ಬಾಗಿಲಲ್ಲೇ ನಿಂತಿದ್ದೆವು. ಒಳಗಿನಿಂದ ಮೆಣಸಿನ ಘಾಟು ಬಂತು. ಮೇಷ್ಟ್ರು ಅದೇ ಹಿತ್ತಾಳೆ ತಪ್ಪಲೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದರು. ಬೆಲ್ಲ ಹಾಕುವುದು ಮರೆತಿದ್ದರು. ಎಲ್ಲರೂ ಪೂರ್ತಿ ಕುಡಿದೆವು. ಈಗ ಹದಿನೈದಕ್ಕೆ ಬಂದಿದ್ದ ನನ್ನ ಮಗಳು ಲೋಟ ಒಟ್ಟುಮಾಡಿ ತೊಳೆದಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಮೇಷ್ಟ್ರು ಅವಳನ್ನು ಒಮ್ಮೆ ನೋಡಿದರು, ಎಡತುದಿಯ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದರು. "ಅಲ್ಲಿಂದ ನಂಗೆ ಕೇಳಲ್ಲ, ಮುಂದೆ ಬಾ ಮಗಳೇ" ಅಂದರು.

ಫೋರ್ಕ್ ಮಂಡಿಗೆ ತಟ್ಟಿ ಕಿವಿಯ ಹಿಂದೆ ಒತ್ತಿದರು. ಗುನುಗಿ ಸ್ವರ ಕೊಟ್ಟರು. ಬೇಸ್, ಟೆನರ್, ಆಲ್ಟೊ, ಸೊಪ್ರಾನೊ. ಕೈ ಎತ್ತಿದರು. ಮೊದಲ ಸಾಲು ಮುಗಿಯುವ ಮೊದಲೇ ನಿಲ್ಲಿಸಿದರು.

"ಮರ. ಮಾರ ಅಲ್ಲ. ಇನ್ನೊಂದು ಸಲ."